ನಾಯಿ ಬಾಯಿಬಿಟ್ಟು ಹೇಳಲ್ಲ, ಔಷಧಿ ಹಿಡಿಯಿತು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಮ್ಮ ನಾಯಿಗೆ ವಯಸ್ಸಾಗಿದೆ. ಕೀಲು ನೋವಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಈಗ ಸ್ವಲ್ಪ ಚುರುಕಾಗಿದೆ ಅನ್ನಿಸುತ್ತಿದೆ. ಆದರೆ ಅದು ಮಾತ್ರೆಯಿಂದಲೇ ಆಗಿದ್ದು ಅಂತ ನಂಬುವುದು ಹೇಗೆ? ಇಂಥ ಔಷಧಿಗಳನ್ನು ಪರೀಕ್ಷೆ ಮಾಡುವವರಿಗಾದರೂ ಇದು ಹೇಗೆ ತಿಳಿಯುತ್ತದೆ?

ಉತ್ತರ: ಮನುಷ್ಯರಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟರೂ ಕೆಲವರಿಗೆ ನೋವು ಕಡಿಮೆಯಾಯಿತು ಅನ್ನಿಸುತ್ತದೆ. ಇದು ಬಹಳ ಜನರಿಗೆ ಗೊತ್ತು. ನಾಯಿಗೆ ತಾನು ಔಷಧಿ ನುಂಗಿದೆ ಅನ್ನೋದೇ ಗೊತ್ತಿಲ್ಲ. ಹಾಗಾಗಿ ಪ್ರಾಣಿಗಳ ವಿಷಯದಲ್ಲಿ ಈ ಮೋಸ ನಡೆಯಲ್ಲ ಅಂತ ಅಂದುಕೊಳ್ಳುತ್ತೇವೆ. ಅರ್ಧ ಸರಿ. ನಾಯಿಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆಯಲ್ಲ! ನಾಯಿ ಹೇಗಿದೆ ಅಂತ ಡಾಕ್ಟರಿಗೆ ವರದಿ ಕೊಡುವವರೂ ನೀವೇ.

2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಳೆಯಿತು. ಕೀಲು ಸವೆದು ಕುಂಟುತ್ತಿದ್ದ 58 ನಾಯಿಗಳು ಅದರಲ್ಲಿದ್ದವು. ಒಂದು ಔಷಧಿಯ ಪರೀಕ್ಷೆಯಲ್ಲಿ ಅವಕ್ಕೆಲ್ಲ ಔಷಧಿಯಿಲ್ಲದ ಸುಳ್ಳು ಮಾತ್ರೆ ಸಿಕ್ಕಿತ್ತು. ನಾಯಿ ಕಾಲಿನ ಮೇಲೆ ನಿಜವಾಗಿ ಎಷ್ಟು ಭಾರ ಹಾಕುತ್ತಿದೆ ಅಂತ ಯಂತ್ರ ಅಳೆಯಿತು. ಸಾಕಿದವರನ್ನೂ ಪಶುವೈದ್ಯರನ್ನೂ ಬೇರೆಯಾಗಿ ಕೇಳಿದರು. ಸಾಕಿದವರು ಸುಧಾರಿಸಿದೆ ಅಂತ ಮೋಸಹೋದದ್ದು ಆಶ್ಚರ್ಯವೇನಲ್ಲ. ಪಶುವೈದ್ಯರೂ ಕುಂಟು ನೋಡುವಾಗ ಶೇಕಡಾ 40ರಿಂದ 45ರಷ್ಟು ಸಲ ಹಾಗೇ ಮೋಸಹೋಗಿದ್ದರು! ದಿನ ಕಳೆದಂತೆ ಈ ಭ್ರಮೆ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಸುಧಾರಿಸಲಿ ಅಂತ ಆಸೆಯಿದ್ದಾಗ ಕಣ್ಣು ಒಳ್ಳೆಯದನ್ನೇ ಹುಡುಕುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಕೀಲು ನೋವು ದಿನಾ ಒಂದೇ ಸಮ ಇರಲ್ಲ, ಏರುತ್ತದೆ, ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ಅದು ತೀರಾ ಏರಿದ ದಿನ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವುದೇ ಹೆಚ್ಚು. ಆ ಹೊತ್ತಿಗೆ ಕೈಯಲ್ಲಿ ಮಾತ್ರೆ ಇರುತ್ತದೆ, ಹೆಸರೆಲ್ಲ ಅದಕ್ಕೇ ಹೋಗುತ್ತದೆ.

ಬರೀ ನೋವಿನ ವಿಷಯವಾದರೆ ಅಂದಾಜು ತಪ್ಪುತ್ತದೆ ಅಂತ ಬಿಡಬಹುದಿತ್ತು. ಆದರೆ ಫಿಟ್ಸ್ ಅಂದರೆ ಎಣಿಸಬಹುದಾದ ಸಂಗತಿ, ಅಲ್ವಾ? 2010ರಲ್ಲಿ ಮೂರ್ಛೆರೋಗದ ಮೂರು ಪರೀಕ್ಷೆಗಳಲ್ಲಿ ಸುಳ್ಳು ಔಷಧಿ ಪಡೆದಿದ್ದ 28 ನಾಯಿಗಳ ಲೆಕ್ಕ ನೋಡಿದರು. 22 ನಾಯಿಗಳಿಗೆ ಫಿಟ್ಸ್ ಬರುವುದು ಮೊದಲಿಗಿಂತ ಕಡಿಮೆಯಾಗಿತ್ತು. 8 ನಾಯಿಗಳಿಗಂತೂ ಅರ್ಧಕ್ಕರ್ಧ ಅಥವಾ ಇನ್ನೂ ಕಡಿಮೆ. ಔಷಧಿ ಇಲ್ಲದೆ! ಹಾಗಾಗಿ 'ಈ ಮಾತ್ರೆ ಕೊಟ್ಟೆವು, ಹತ್ತು ನಾಯಿಗಳಲ್ಲಿ ಏಳಕ್ಕೆ ಗುಣ ಕಂಡಿತು' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹೋಲಿಸಲು ಸುಳ್ಳು ಮಾತ್ರೆಯ ಗುಂಪು ಇತ್ತಾ ಅಂತ. ಇಲ್ಲದಿದ್ದರೆ ಆ ಏಳಕ್ಕೆ ಬೆಲೆ ಕಟ್ಟುವುದು ಕಷ್ಟ.

ಇದಕ್ಕೆ ಸಂಶೋಧಕರು ಒಂದಷ್ಟು ದಾರಿ ಕಂಡುಕೊಂಡಿದ್ದಾರೆ. ಮೇಲೆ ಹೇಳಿದ ಯಂತ್ರ ಅಂದರೆ ನೆಲದಲ್ಲಿ ಹುದುಗಿಸಿದ ಒಂದು ತಟ್ಟೆ. ನಾಯಿಯನ್ನು ಅದರ ಮೇಲೆ ನಡೆಸುತ್ತಾರೆ, ಪ್ರತಿ ಕಾಲು ಎಷ್ಟು ಬಲದಿಂದ ಊರಿತು ಅಂತ ಅಂಕಿ ಬರುತ್ತದೆ. ಯಂತ್ರಕ್ಕೆ ಆಸೆಯಿಲ್ಲ, ಅದೇ ಅದರ ಗುಣ. ಆದರೆ ಅದು ಹೇಳುವುದು ಆ ಕೆಲವು ಹೆಜ್ಜೆಗಳ ಕಥೆ ಮಾತ್ರ. ಹೊಸ ಜಾಗದಲ್ಲಿ ಗಾಬರಿಯಾದ ನಾಯಿ ಕುಂಟುವುದನ್ನೇ ಮರೆಯಬಹುದು. ಎರಡೂ ಹಿಂಗಾಲು ನೋಯುತ್ತಿದ್ದರೆ ಲೆಕ್ಕ ಇನ್ನೂ ತೊಡಕು. ಬೆಕ್ಕಿಗೆ ಹಗ್ಗ ಕಟ್ಟಿ ತಟ್ಟೆಯ ಮೇಲೆ ನೇರವಾಗಿ ನಡೆಸುತ್ತೇವೆ ಅನ್ನುವವರು ಬೆಕ್ಕು ಸಾಕಿರಲಿಕ್ಕಿಲ್ಲ. ಅದಕ್ಕೇ ದಿನವಿಡೀ ಓಡಾಟ ಅಳೆಯುವ ಪುಟ್ಟ ಸಾಧನವನ್ನು ಕುತ್ತಿಗೆ ಪಟ್ಟಿಗೆ ಸಿಕ್ಕಿಸುವುದೂ ಉಂಟು.

ಮುಖ ಓದುವುದು ಇನ್ನೊಂದು ದಾರಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ನೋವಿಗೆ ಒಂದು ಅಳತೆ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿಯ ಬಿಗಿತ, ಮೀಸೆ, ತಲೆ ಹಿಡಿದಿರುವ ರೀತಿ, ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು 10ಕ್ಕೆ 4 ಬಂದರೆ ನೋವಿನ ಔಷಧಿ ಬೇಕು ಅಂತ ಲೆಕ್ಕ. ಆಪರೇಷನ್ ಆದ ಮೇಲಿನ ತೀವ್ರ ನೋವಿಗೆ ಇದು ಚೆನ್ನಾಗಿ ಒಗ್ಗುತ್ತದೆ. ವರ್ಷಗಟ್ಟಲೆ ಕಾಡುವ ಕೀಲು ನೋವು ಹೀಗೆ ಮುಖದ ಮೇಲೆ ಕೂರುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದವರ ಉಪಾಯ. ಇದು 2014ರದ್ದು. ಕೀಲು ನೋವಿನ ಬೆಕ್ಕುಗಳಲ್ಲಿ ಒಂದು ಗುಂಪಿಗೆ ಮೆಲೊಕ್ಸಿಕಾಮ್ ಎಂಬ ನೋವಿನ ಔಷಧಿ ಕೊಟ್ಟರು, ಇನ್ನೊಂದಕ್ಕೆ ಸುಳ್ಳು ಔಷಧಿ. ಯಾವ ಬೆಕ್ಕಿಗೆ ಯಾವುದು ಅಂತ ಸಾಕಿದವರಿಗೆ ಗೊತ್ತಿರಲಿಲ್ಲ. ಮೂರು ವಾರದ ನಂತರ ಎರಡೂ ಗುಂಪಿನವರು ಸುಧಾರಿಸಿದೆ ಅಂದರು. ಅಲ್ಲಿಗೇ ನಿಲ್ಲಿಸಿದ್ದರೆ ಔಷಧಿಗೂ ಸುಳ್ಳಿಗೂ ವ್ಯತ್ಯಾಸವಿಲ್ಲ ಅಂತ ಬರೆದು ಮುಗಿಸಬೇಕಿತ್ತು.

ಅವರು ನಿಲ್ಲಿಸಲಿಲ್ಲ. ಮುಂದಿನ ಮೂರು ವಾರ ಎಲ್ಲ ಬೆಕ್ಕುಗಳಿಗೂ ಸುಳ್ಳು ಔಷಧಿಯನ್ನೇ ಕೊಟ್ಟರು. ಸಾಕಿದವರಿಗೆ ಈ ಬದಲಾವಣೆಯ ಸುಳಿವೇ ಇಲ್ಲ. ಮೊದಲಿಂದ ಸುಳ್ಳು ಔಷಧಿಯಲ್ಲಿದ್ದ ಬೆಕ್ಕುಗಳಿಗೆ ಸಾಕಿದವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಹಾಗೇ ಉಳಿದವು. ನಿಜವಾದ ಔಷಧಿ ತಪ್ಪಿದ ಬೆಕ್ಕುಗಳ ಸ್ಥಿತಿ ಕೆಟ್ಟಿತು, ಸಾಕಿದವರು ಅದನ್ನು ಗುರುತಿಸಿದರು. ಯಾವಾಗ ನಿಲ್ಲಿಸಿದರು ಅಂತ ತಿಳಿಯದಿದ್ದಾಗ ಆಸೆಗೆ ಕೆಲಸವಿಲ್ಲ, ನೋಡಿ. ಸುಧಾರಿಸಿದ್ದನ್ನು ಹೇಳುವಾಗ ಎಡವಿದ ಅವೇ ಕಣ್ಣುಗಳು ಕೆಟ್ಟದ್ದನ್ನು ಸರಿಯಾಗಿ ಹಿಡಿದವು.

ನೋಯುವ ಪ್ರಾಣಿಗೆ ಸುಳ್ಳು ಮಾತ್ರೆ ಕೊಡುವುದು ತಪ್ಪಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಾಕಿದವರ ಒಪ್ಪಿಗೆ ಮೊದಲೇ ಬೇಕು. ನೋವು ಮಿತಿಮೀರಿದರೆ ತಕ್ಷಣ ಬೇರೆ ಔಷಧಿ ಕೊಡುವ ಏರ್ಪಾಡು ಇರಬೇಕು, ಬೇಡ ಅನ್ನಿಸಿದ ದಿನ ಪರೀಕ್ಷೆ ಬಿಟ್ಟು ಹೋಗುವ ಅವಕಾಶವೂ ಇರಬೇಕು. ಇದಿಲ್ಲದ ಪರೀಕ್ಷೆಗೆ ನಿಮ್ಮ ಪ್ರಾಣಿಯನ್ನು ಸೇರಿಸಬೇಡಿ.

ಈಗ ನಿಮ್ಮ ನಾಯಿಯ ವಿಷಯ. 'ಚುರುಕಾಗಿದೆ' ಅನ್ನುವುದು ತೀರಾ ಸಡಿಲ. ನೋವಿನಿಂದ ಅದಕ್ಕೆ ಕಷ್ಟವಾಗುತ್ತಿದ್ದ ಎರಡು ಮೂರು ಕೆಲಸ ಆರಿಸಿಕೊಳ್ಳಿ. ಮೆಟ್ಟಿಲು ಹತ್ತುವುದು, ಮಲಗಿದಲ್ಲಿಂದ ಏಳುವುದು, ಮಂಚಕ್ಕೆ ಹಾರುವುದು, ಹೀಗೆ. ವಾರಕ್ಕೊಮ್ಮೆ ಅವನ್ನಷ್ಟೇ ಗಮನಿಸಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಅದೇ ಜಾಗ, ಅದೇ ಹೊತ್ತು. ಮಾತ್ರೆ ಶುರುಮಾಡುವ ಮುಂಚಿನ ವಿಡಿಯೋ ಇಲ್ಲ ಅಂತ ಚಿಂತೆ ಬೇಡ, ಹಳೆಯ ಮೊಬೈಲನ್ನು ತಡಕಾಡಿದರೆ ನಾಯಿ ನಡೆಯುವ ತುಣುಕು ಸಿಕ್ಕೇ ಸಿಗುತ್ತದೆ. ಆಮೇಲೆ ಹಳೆಯದನ್ನೂ ಹೊಸದನ್ನೂ ಹಿಂದೆಮುಂದೆ ಮಾಡಿ, ಯಾವುದು ಯಾವಾಗಿನದು ಅಂತ ಹೇಳದೆ, ನಿಮ್ಮ ಡಾಕ್ಟರಿಗೋ ಸ್ನೇಹಿತರಿಗೋ ತೋರಿಸಿ. ಯಾವುದರಲ್ಲಿ ಚೆನ್ನಾಗಿ ನಡೆಯುತ್ತಿದೆ ಅಂತ ಅವರು ಹೇಳಲಿ.

ಈ ನಡುವೆ ನಾಯಿಯ ತೂಕ ಇಳಿದಿದ್ದರೆ, ವಾಕಿಂಗ್ ದಾರಿ ಬದಲಾಗಿದ್ದರೆ ಅದನ್ನೂ ಬರೆದಿಡಿ. ತೂಕ ಇಳಿಯುವುದು ಒಂದೇ ಸಾಕು, ಕೀಲಿನ ಕುಂಟು ಕಡಿಮೆಯಾಗಬಹುದು.

ಬೆಕ್ಕುಗಳಿಗೆ ಮಾಡಿದ ಹಾಗೆ ಸುಮ್ನೆ ನಿಲ್ಲಿಸಿ ನೋಡೋಣ ಅಂತ ನಿಮಗೆ ನೀವೇ ತೀರ್ಮಾನಿಸಬೇಡಿ. ಕೀಲು ನೋವಿನ ಮಾತ್ರೆಯಾದರೆ ಡಾಕ್ಟರನ್ನು ಕೇಳಿ, ಅವರ ನಿಗಾದಲ್ಲಿ ಹಾಗೆ ಮಾಡಿ ನೋಡುವುದುಂಟು. ಫಿಟ್ಸ್ ಮಾತ್ರೆಯ ವಿಷಯದಲ್ಲಿ ಮಾತ್ರ ಇಂಥ ಪ್ರಯೋಗ ಬೇಡವೇ ಬೇಡ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.