63ನೇ ಸೆಕ್ಟರ್: ಹಳೆ ಎಕ್ಸ್‌ಪಿ ಇಮೇಜನ್ನು ವರ್ಚುವಲ್‌ಬಾಕ್ಸಿನಲ್ಲಿ ಬೂಟ್ ಮಾಡುವುದು

ಹಳೆ ಕಂಪ್ಯೂಟರ್ ಈಗ ಇಲ್ಲ, ಅದರ ಸಿ ಡ್ರೈವಿನ ಒಂದು ಇಮೇಜ್ ಫೈಲ್ (ಬೈಟಿಗೆ ಬೈಟ್ ನಕಲು) ಮಾತ್ರ ಉಳಿದಿದೆ, ಅದನ್ನು ವರ್ಚುವಲ್ ಮೆಷಿನ್ನಿನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ತೋರಿಸುವ ಇನ್ನೊಂದು ಕಂಪ್ಯೂಟರಿನಲ್ಲಿ) ಬೂಟ್ ಮಾಡಬೇಕು. ಇಂಥ ಕೆಲಸಕ್ಕೆ ಹೊರಟವರಿಗಾಗಿ ಈ ಟಿಪ್ಪಣಿ. ಕಲಿತದ್ದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಮಾಡುವುದು, ಹೊಸ ಮೆಷಿನ್ ತೆರೆಯುವುದು ಇವೆಲ್ಲ ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ. ಉಬುಂಟು ಟರ್ಮಿನಲ್ ಕೂಡ ನಮ್ಮ ಕಡೆಯವರಿಗೆ ಹೊಸತಲ್ಲ. ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದೀಚೆಗೆ ಅದರ ಮುಂದುವರಿಕೆಯಾದ ಕೈಟ್, ಇವುಗಳಿಂದಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲೇ ಲಿನಕ್ಸ್ ಮುಟ್ಟಿದವರು.

ನನಗೆ ಸಿಕ್ಕಿದ್ದು ಬದಿಯಡ್ಕ ಕಡೆಯ ಒಂದು ಸಣ್ಣ ಪ್ರೆಸ್ಸಿನ ಇಮೇಜ್. ನಿವೃತ್ತ ಮಾಷ್ಟ್ರೊಬ್ಬರು ನಡೆಸುತ್ತಿದ್ದ ಡಿಟಿಪಿ ಅದು. ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ಎಲ್ಲ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ.

“ಮಾಷ್ಟ್ರೇ, ಆ ಹಳೆ ಮೆಷಿನ್ ಉಂಟಾ?”

“ಅದು ಗುಜರಿಗೆ ಹೋಗಿ ಎಷ್ಟು ಕಾಲ ಆಯಿತು ಮಾರಾಯ. ಈ ಡಿಸ್ಕಿನಲ್ಲಿ ಒಂದು ದೊಡ್ಡ ಫೈಲ್ ಉಂಟು, ನೋಡು.”

ಫೈಲುಗಳನ್ನಷ್ಟೇ ಹೊರತೆಗೆದರೆ ಸಾಲದೇ ಎಂದು ಕೇಳಬಹುದು. ಸಾಲುವುದಿಲ್ಲ. ಆ ಪುಟಗಳು ಯೂನಿಕೋಡ್ ಅಲ್ಲದ ಕನ್ನಡ ಫಾಂಟುಗಳಲ್ಲಿವೆ. ಅದೇ ಪೇಜ್‌ಮೇಕರ್, ಅದೇ ಫಾಂಟ್, ಅದೇ ಪ್ರಿಂಟರ್ ಡ್ರೈವರ್ ಇದ್ದರೆ ಮಾತ್ರ ಸಾಲು ಮುರಿಯುವ ಜಾಗ ಹಿಂದಿನಂತೆಯೇ ಬರುತ್ತದೆ. ಹಾಗಾಗಿ ಇಡೀ ವಿಂಡೋಸ್ ಎಕ್ಸ್‌ಪಿಯನ್ನೇ ಎಬ್ಬಿಸಬೇಕು.

ಮೊದಲು ಇಷ್ಟು ಮಾಡಿ: ಮೂಲ ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲ್ ಬದಲಾಗಿಲ್ಲ ಎಂದು ಪರೀಕ್ಷಿಸುವ ಗುರುತು) ತೆಗೆದು ಬರೆದಿಡಿ, ಒಂದು ನಕಲು ಮಾಡಿ, ಮೂಲವನ್ನು ರೀಡ್-ಓನ್ಲಿ ಮಾಡಿ ಪಕ್ಕಕ್ಕಿಡಿ. ಮುಂದಿನದೆಲ್ಲ ನಕಲಿನ ಮೇಲೆ. ಮಳೆಗಾಲವಾದರೆ ಯುಪಿಎಸ್ ಇಲ್ಲದೆ ದೊಡ್ಡ ಫೈಲ್ ಬರೆಯಲು ಕೂರಬೇಡಿ.

ಇದು ಡಿಸ್ಕಿನ ಇಮೇಜೋ, ಪಾರ್ಟಿಷನ್ನಿನ ಇಮೇಜೋ?

ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದೇ. ಫೈಲನ್ನು ಕ್ಯೂಎಮು-ಇಮೇಜ್ ಎಂಬ ಪರಿವರ್ತಕ ಬಳಸಿ ವಿಡಿಐ (ವರ್ಚುವಲ್‌ಬಾಕ್ಸಿನ ಡಿಸ್ಕ್ ಫೈಲ್) ಮಾಡಿದೆ, ಮೆಷಿನ್ನಿಗೆ ಜೋಡಿಸಿದೆ, ಬೂಟ್ ಮಾಡಿದರೆ ಕಪ್ಪು ಪರದೆ. ಪರಿವರ್ತನೆಯಲ್ಲಿ ಯಾವ ದೋಷವೂ ಇರಲಿಲ್ಲ. ಆ ಫೈಲ್ ಇಡೀ ಡಿಸ್ಕ್ ಆಗಿರಲೇ ಇಲ್ಲ, ಅಷ್ಟೇ. ಯಾರೋ ಹಿಂದೆ ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ ಡಿಡಿ ಎಂಬ ನಕಲು ಆಜ್ಞೆಯಲ್ಲಿ ಮೊದಲ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ, ಇಲ್ಲಿ ಸಿ ಡ್ರೈವ್) ಮಾತ್ರ ಎತ್ತಿಟ್ಟಿದ್ದರು.

ಗುರುತಿಸುವುದು ಹೇಗೆ? ಫೈಲಿನ ಮೊದಲ 512 ಬೈಟುಗಳನ್ನು ಹೆಕ್ಸ್ ಡಂಪ್ ಮಾಡಿ, ಅಂದರೆ 16ರ ಲೆಕ್ಕದ ಅಂಕಿಗಳಾಗಿ ತೋರಿಸಿ, ನೋಡಿ. ಕೊನೆಯ ಎರಡು ಬೈಟ್ 55 ಎಎ ಇದ್ದರೆ ಡಿಸ್ಕ್ ಇಮೇಜ್ ಎಂದು ತಿಳಿಯಬೇಡಿ. ಡಿಸ್ಕಿನ ಮೊದಲ ಸೆಕ್ಟರ್ (512 ಬೈಟಿನ ತುಂಡು), ಅಂದರೆ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್), 55 ಎಎ ಎಂದೇ ಮುಗಿಯುತ್ತದೆ. ಪಾರ್ಟಿಷನ್ನಿನ ಬೂಟ್ ಸೆಕ್ಟರ್ ಕೂಡ ಹಾಗೆಯೇ ಮುಗಿಯುತ್ತದೆ. ನೋಡಬೇಕಾದ್ದು ಆರಂಭವನ್ನು. ಇಬಿ 52 90, ಅದರ ಬೆನ್ನಿಗೇ 4ಇ 54 46 53 ಇದ್ದರೆ ಅದು ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ವ್ಯವಸ್ಥೆ) ಬೂಟ್ ಸೆಕ್ಟರ್. ಆ ನಾಲ್ಕು ಬೈಟುಗಳೇ ಎನ್, ಟಿ, ಎಫ್, ಎಸ್ ಅಕ್ಷರಗಳು. ಎಕ್ಸ್‌ಪಿ ಬರೆದ ಎಂಬಿಆರ್ ಆದರೆ 33 ಸಿ0 8ಇ ಡಿ0 ಎಂದು ಶುರುವಾಗುತ್ತದೆ. ಬಲಗಡೆಯ ಅಕ್ಷರಗಳ ಸಾಲಿನಲ್ಲೂ ಸುಳಿವು ಉಂಟು: “ಇನ್‌ವ್ಯಾಲಿಡ್ ಪಾರ್ಟಿಷನ್ ಟೇಬಲ್” ಕಂಡರೆ ಎಂಬಿಆರ್, “ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್” ಕಂಡರೆ ಪಾರ್ಟಿಷನ್.

ಎಂಬಿಆರ್ ಎಂದರೆ 512 ಬೈಟ್. ಮೊದಲ 440 ಬೈಟ್ ಬೂಟ್ ಕೋಡಿಗೆ, ಅಲ್ಲಿಂದ 4 ಬೈಟ್ ಡಿಸ್ಕಿನ ಸಹಿಗೆ. 446ರಿಂದ 64 ಬೈಟ್ ಪಾರ್ಟಿಷನ್ ಪಟ್ಟಿ, ತಲಾ 16 ಬೈಟಿನ ನಾಲ್ಕು ನಮೂದು. ಕೊನೆಗೆ 55 ಎಎ. ಪಾರ್ಟಿಷನ್ ಇಮೇಜಿನಲ್ಲಿ ಕೊನೆಯ 55 ಎಎ ಬಿಟ್ಟರೆ ಇದು ಯಾವುದೂ ಇಲ್ಲ. ಬಯಾಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಮಾತ್ರ ಮೊದಲ ಸೆಕ್ಟರಿನಲ್ಲಿ ಇರುವುದನ್ನು ಎಂಬಿಆರ್ ಎಂದೇ ಓಡಿಸುತ್ತದೆ. ಹಾಗಾಗಿ ನಾವೇ ಒಂದು ಖಾಲಿ ಡಿಸ್ಕ್ ಮಾಡಿ, ಅದಕ್ಕೆ ಎಂಬಿಆರ್ ಬರೆದು, ಪಾರ್ಟಿಷನ್ನನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು. ಸರಿಯಾದ ಜಾಗ ಯಾವುದು ಎಂಬುದರಲ್ಲೇ ಎಲ್ಲ ಇದೆ.

ಒಂದೇ ಸಾಲಿನ ಎರಡು 63

ಹೆಕ್ಸ್ ಡಂಪಿನ ಎರಡನೇ ಸಾಲು ನೋಡಿ. ಎಕ್ಸ್‌ಪಿ ಮಾಡಿದ ಪಾರ್ಟಿಷನ್ ಆದರೆ ಹೆಚ್ಚಾಗಿ ಹೀಗಿರುತ್ತದೆ:

00 00 00 00 00 ಎಫ್8 00 00 3ಎಫ್ 00 ಎಫ್‌ಎಫ್ 00 3ಎಫ್ 00 00 00

3ಎಫ್ ಎಂದರೆ 63. ಎರಡು ಸಲ ಬಂದಿದೆ, ಎರಡೂ ಬೇರೆ ಬೇರೆ. ಸೊನ್ನೆಯಿಂದ ಎಣಿಸಿದರೆ 24ನೇ ಬೈಟಿನದು ಒಂದು ಟ್ರ್ಯಾಕಿಗೆ ಎಷ್ಟು ಸೆಕ್ಟರ್ ಎಂಬ ಲೆಕ್ಕ. ನಡುವಿನ ಎಫ್‌ಎಫ್, ಅಂದರೆ 255, ಹೆಡ್‌ಗಳ ಸಂಖ್ಯೆ. 28ನೇ ಬೈಟಿನಿಂದ ನಾಲ್ಕು ಬೈಟ್ ಹಿಡಿದು ಕೂತಿರುವುದು “ಹಿಡನ್ ಸೆಕ್ಟರ್ಸ್”: ಡಿಸ್ಕಿನಲ್ಲಿ ಈ ಪಾರ್ಟಿಷನ್ನಿಗಿಂತ ಮುಂಚೆ ಎಷ್ಟು ಸೆಕ್ಟರ್ ಇವೆ ಎಂಬ ಸಂಖ್ಯೆ. ಎರಡೂ 63 ಆಗಿರುವುದಕ್ಕೆ ಕಾರಣ ಉಂಟು. ಮೊದಲ ಟ್ರ್ಯಾಕಿನ 63 ಸೆಕ್ಟರುಗಳನ್ನು (0ಯಿಂದ 62) ಎಂಬಿಆರ್‌ಗೆ ಬಿಟ್ಟು, ಮುಂದಿನ ಟ್ರ್ಯಾಕಿನಿಂದ ಪಾರ್ಟಿಷನ್ ಶುರು ಮಾಡುವುದು ಆಗಿನ ಪದ್ಧತಿ. ವಿಸ್ಟಾದಿಂದ ಈಚೆಗೆ ಅದು 2048ನೇ ಸೆಕ್ಟರ್, ಅಂದರೆ 1 ಎಂಬಿ, ಆಯಿತು.

ಈ ಸಂಖ್ಯೆ ಏಕೆ ಇಷ್ಟು ಮುಖ್ಯ? ಬೂಟ್ ಸೆಕ್ಟರಿನ ಕೋಡಿಗೆ ತನ್ನ ಮುಂದಿನ ಭಾಗವನ್ನೂ ವಿಂಡೋಸನ್ನು ಎಬ್ಬಿಸುವ ಎನ್‌ಟಿಎಲ್‌ಡಿಆರ್ ಫೈಲನ್ನೂ ಓದಬೇಕು. ಅದಕ್ಕೆ ಗೊತ್ತಿರುವುದು ಪಾರ್ಟಿಷನ್ ಒಳಗಿನ ಲೆಕ್ಕ. ಬಯಾಸ್ ಓದಿಕೊಡುವುದು ಡಿಸ್ಕಿನ ಲೆಕ್ಕದಲ್ಲಿ. ಆದ್ದರಿಂದ ಅದು ಪ್ರತಿ ಸಲವೂ ಹಿಡನ್ ಸೆಕ್ಟರ್ಸ್ ಸಂಖ್ಯೆಯನ್ನು ಕೂಡಿಸಿಕೊಂಡು ಕೇಳುತ್ತದೆ. ತೋಟದ ಆಧಾರದಲ್ಲಿ “ಮೂಡಣ ಕಲ್ಲಿನಿಂದ ಇಷ್ಟು ದೂರ” ಎಂದು ಬರೆದಿದ್ದು, ಕಲ್ಲನ್ನೇ ಯಾರೋ ಸರಿಸಿಟ್ಟ ಹಾಗೆ, ಪಾರ್ಟಿಷನ್ 2048ಕ್ಕೆ ಹೋಗಿ ಒಳಗಿನ ಸಂಖ್ಯೆ 63 ಎಂದೇ ಉಳಿದರೆ ಅಳತೆಯೆಲ್ಲ ತಪ್ಪುತ್ತದೆ. ಪರದೆಯಲ್ಲಿ “ಎ ಡಿಸ್ಕ್ ರೀಡ್ ಎರರ್ ಅಕರ್ಡ್” ಎಂದು ಬರುತ್ತದೆ. ಡಿಸ್ಕಿನಲ್ಲಿ ಓದಲಾಗದ್ದು ಏನೂ ಇರುವುದಿಲ್ಲ, ಓದಿದ ಜಾಗ ಬೇರೆ.

ಪಾರ್ಟಿಷನ್ ಪಟ್ಟಿ ಬರೆಯಲು ಲಿನಕ್ಸಿನಲ್ಲಿ ಎಫ್‌ಡಿಸ್ಕ್ ಉಂಟು. ಇಂದಿನ ಎಫ್‌ಡಿಸ್ಕ್ ತಾನಾಗಿಯೇ 2048 ಎನ್ನುತ್ತದೆ. ಅದನ್ನು ಡಾಸ್ ಹೊಂದಾಣಿಕೆಯಲ್ಲಿ ತೆರೆದರೆ (ಅಡ್ಡಗೆರೆ ಸಿ, ಸಮಚಿಹ್ನೆ, ಡಾಸ್) 63 ಕೊಡುತ್ತದೆ. ಪಾರ್ಟಿಷನ್ನಿನ ವಿಧ 7 (ಎನ್‌ಟಿಎಫ್‌ಎಸ್), ಬೂಟ್ ಗುರುತು ಆನ್. ಉದ್ದ ಎಷ್ಟು ಎಂದರೆ ಇಮೇಜ್ ಫೈಲಿನ ಗಾತ್ರವನ್ನು 512ರಿಂದ ಭಾಗಿಸಿದಷ್ಟು. ಬೂಟ್ ಸೆಕ್ಟರಿನ ಒಳಗೆ ಬರೆದಿರುವ ಒಟ್ಟು ಸೆಕ್ಟರ್ ಸಂಖ್ಯೆ ಇದಕ್ಕಿಂತ ಒಂದು ಕಡಿಮೆ ಇರುತ್ತದೆ. ಬೂಟ್ ಸೆಕ್ಟರಿನ ನಕಲು ಕೂರುವ ಕೊನೆಯ ಸೆಕ್ಟರನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆದರಬೇಡಿ. ಆಮೇಲೆ ಖಾಲಿ ಡಿಸ್ಕ್ ಫೈಲನ್ನು ಲೂಪ್ ಸಾಧನವಾಗಿ (ಲಿನಕ್ಸಿಗೆ ಫೈಲೇ ಡಿಸ್ಕಿನಂತೆ ಕಾಣುವ ಹಾಗೆ), ಪಾರ್ಟಿಷನ್ ಕಾಣುವಂತೆ, ಜೋಡಿಸಿ, ಮೊದಲ ಪಾರ್ಟಿಷನ್ನಿಗೆ ಡಿಡಿ ಮಾಡಿ. ನೇರ ಫೈಲಿಗೆ 512 ಬೈಟಿನ ತುಂಡುಗಳಲ್ಲಿ ಸುರಿಯುವುದಕ್ಕಿಂತ ಇದು ಬೇಗ, ಎಣಿಕೆ ತಪ್ಪುವ ಭಯವೂ ಇಲ್ಲ. ಮುಗಿದ ಮೇಲೆ ಕ್ಯೂಎಮು-ಇಮೇಜಿನಿಂದ ವಿಡಿಐ.

ಎಫ್‌ಡಿಸ್ಕ್ ಬೂಟ್ ಕೋಡ್ ಬರೆಯುವುದಿಲ್ಲ. ಎಕ್ಸ್‌ಪಿ ಸಿಡಿಯಿಂದ ಬೂಟ್ ಮಾಡಿ, ಆರ್ ಒತ್ತಿ, ರಿಕವರಿ ಕನ್ಸೋಲಿನಲ್ಲಿ ಫಿಕ್ಸ್‌ಎಂಬಿಆರ್ ಓಡಿಸಿ. ಫಿಕ್ಸ್‌ಬೂಟ್ ಬೇಡ. ಪಾರ್ಟಿಷನ್ನಿನ ಬೂಟ್ ಸೆಕ್ಟರ್ ಚೆನ್ನಾಗಿಯೇ ಇದೆ, ಸರಿ ಇರುವುದನ್ನು ಅಳಿಸಿ ಬರೆಯುವುದು ಏಕೆ?

63 ಮತ್ತೊಂದು ಕಡೆಯೂ ಕೂತಿದೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯ ಮೌಂಟೆಡ್ ಡಿವೈಸಸ್ ಎಂಬಲ್ಲಿ ಸಿ ಡ್ರೈವಿನ ಗುರುತು 12 ಬೈಟಿನದು. ಮೊದಲ 4 ಡಿಸ್ಕಿನ ಸಹಿ, ಉಳಿದ 8 ಪಾರ್ಟಿಷನ್ ಶುರುವಾಗುವ ಜಾಗ, ಬೈಟುಗಳಲ್ಲಿ. 63 ಗುಣಿಸು 512 ಎಂದರೆ 32256, ಹೆಕ್ಸ್‌ನಲ್ಲಿ 7ಇ00. ಅಲ್ಲಿ 00 7ಇ 00 00 ಕಂಡರೆ ಅದೇ. ಹೊಸ ಡಿಸ್ಕಿನ ಸಹಿ ಬೇರೆ ಆದರೆ ವಿಂಡೋಸ್ ಈ ಪಾರ್ಟಿಷನ್ನಿಗೆ ಸಿ ಬದಲು ಬೇರೆ ಅಕ್ಷರ ಕೊಟ್ಟೀತು. ಆಗ ಲಾಗಿನ್ ಆಗುತ್ತಿದ್ದ ಹಾಗೆ ಲಾಗ್ಆಫ್ ಆಗುತ್ತದೆ. ಹಳೆ ಸಹಿಯನ್ನು ಅಲ್ಲಿಂದಲೇ ಓದಿ (ರಿಜಿಸ್ಟ್ರಿ ತೆರೆಯುವ ದಾರಿ ಮುಂದಿದೆ), ಎಫ್‌ಡಿಸ್ಕಿನ ತಜ್ಞರ ಮೆನುವಿನಲ್ಲಿ ಡಿಸ್ಕ್ ಗುರುತಾಗಿ ಹಾಕಿ. ರಿಜಿಸ್ಟ್ರಿಯಲ್ಲಿ ಬೈಟುಗಳು ತಲೆಕೆಳಗಾಗಿ ಇರುತ್ತವೆ, ಎಫ್‌ಡಿಸ್ಕಿಗೆ ಕೊಡುವಾಗ ಹಿಂದಿನಿಂದ ಮುಂದಕ್ಕೆ ಓದಬೇಕು. ವಿಡಿಐ ಮಾಡುವ ಮೊದಲೇ ಇದನ್ನು ಮಾಡಿಕೊಂಡರೆ ಒಳ್ಳೆಯದು. ಫಿಕ್ಸ್‌ಎಂಬಿಆರ್ ಆದ ಮೇಲೆ ಸಹಿ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಿ.

7ಬಿ ನೀಲಿ ಪರದೆ

ಈಗ ಎಕ್ಸ್‌ಪಿಯ ಲೋಗೋ ಬಂತು. ಅದರ ಬೆನ್ನಿಗೇ ನೀಲಿ ಪರದೆ, ಕೊನೆಯಲ್ಲಿ 7ಬಿ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ನನಗಂತೂ ಇದನ್ನು ಕಂಡು ಸಮಾಧಾನವೇ ಆಯಿತು. ಎಂಬಿಆರ್, ಬೂಟ್ ಸೆಕ್ಟರ್, ಎನ್‌ಟಿಎಲ್‌ಡಿಆರ್ ಮೂರೂ ಕೆಲಸ ಮಾಡಿವೆ, ಕರ್ನೆಲ್ ಎದ್ದಿದೆ ಎಂದು ಅರ್ಥ. ಅಲ್ಲಿಯವರೆಗೆ ಡಿಸ್ಕ್ ಓದಿದ್ದು ಬಯಾಸ್ ಮೂಲಕ. ಇನ್ನು ಮುಂದೆ ವಿಂಡೋಸ್ ತನ್ನದೇ ಡ್ರೈವರಿನಿಂದ ಓದಬೇಕು, ಅದಕ್ಕೆ ಡಿಸ್ಕನ್ನು ನಡೆಸುವ ಈ ಹೊಸ ಕಂಟ್ರೋಲರ್ ಗೊತ್ತಿಲ್ಲ. ಹಳೆ ಮದರ್‌ಬೋರ್ಡಿನಲ್ಲಿ ಇದ್ದದ್ದು ವಿಐಎ ಚಿಪ್‌ಸೆಟ್. ವರ್ಚುವಲ್‌ಬಾಕ್ಸ್ ತೋರಿಸುವುದು ಇಂಟೆಲ್‌ನ ಪಿಐಐಎಕ್ಸ್4, ಪಿಸಿಐ ಗುರುತು 8086 ಮತ್ತು 7111. ಮೆಷಿನ್ ಸೆಟ್ಟಿಂಗಿನಲ್ಲಿ ಡಿಸ್ಕ್ ಐಡಿಇ (ಹಳೆ ಬಗೆಯ ಡಿಸ್ಕ್ ಜೋಡಣೆ) ಕೆಳಗೇ ಇರಲಿ. ಸಾಟಾಕ್ಕೆ ಹಾಕಿದರೆ ಎಕ್ಸ್‌ಪಿಯಲ್ಲಿ ಅದರ ಡ್ರೈವರೇ ಇಲ್ಲ.

ಮದ್ದು ರಿಜಿಸ್ಟ್ರಿಯಲ್ಲಿದೆ. ಮೈಕ್ರೋಸಾಫ್ಟ್ ತನ್ನ 314082 ಸಂಖ್ಯೆಯ ಬೆಂಬಲ ಲೇಖನದಲ್ಲಿ ಇದನ್ನೇ ವಿವರಿಸಿತ್ತು. ಬೂಟ್ ಆಗದ ವಿಂಡೋಸಿನ ರಿಜಿಸ್ಟ್ರಿಯನ್ನು ಲಿನಕ್ಸಿನಿಂದ ತಿದ್ದಲು ಹೈವೆಕ್ಸ್ ಎಂಬ ತಂತ್ರಾಂಶ ಸಾಕು. ತೆರೆಯಬೇಕಾದ್ದು ವಿಂಡೋಸ್, ಸಿಸ್ಟಂ32, ಕಾನ್ಫಿಗ್ ಒಳಗಿನ “ಸಿಸ್ಟಂ” ಎಂಬ ಫೈಲ್. ಇಲ್ಲಿ ಕರೆಂಟ್ ಕಂಟ್ರೋಲ್‌ಸೆಟ್ ಹುಡುಕಬೇಡಿ. ವಿಂಡೋಸ್ ಓಡುತ್ತಿರುವಾಗ ಮಾತ್ರ ಇರುವ ಹೆಸರು ಅದು. ಸೆಲೆಕ್ಟ್ ಎಂಬ ಕೀಲಿಯಲ್ಲಿ ಕರೆಂಟ್ ಮೌಲ್ಯ 1 ಇದ್ದರೆ ಕಂಟ್ರೋಲ್‌ಸೆಟ್001, 2 ಇದ್ದರೆ 002.

ಅದರೊಳಗೆ ಕಂಟ್ರೋಲ್, ಅದರ ಕೆಳಗೆ ಕ್ರಿಟಿಕಲ್ ಡಿವೈಸ್ ಡೇಟಾಬೇಸ್. 8086, 7111 ಗುರುತಿಗೆ ಒಂದು ಕೀಲಿ ಸೇರಿಸಿ, ಸರ್ವಿಸ್ ಇಂಟೆಲ್‌ಐಡಿಇ ಎಂದು ಬರೆಯಿರಿ. ಪ್ರೈಮರಿ, ಸೆಕೆಂಡರಿ ಐಡಿಇ ಚಾನೆಲ್ ಕೀಲಿಗಳು ಎಟಾಪಿ ಕಡೆ ಬೊಟ್ಟು ಮಾಡುತ್ತಿವೆಯೇ ನೋಡಿ. ಸರ್ವಿಸಸ್ ಕೆಳಗೆ ಎಟಾಪಿ, ಇಂಟೆಲ್‌ಐಡಿಇ, ಪಿಸಿಐಐಡಿಇ ಮೂರಕ್ಕೂ ಸ್ಟಾರ್ಟ್ ಮೌಲ್ಯ 0. ಸೊನ್ನೆ ಎಂದರೆ ಬೂಟ್ ಹಂತದಲ್ಲೇ ಎನ್‌ಟಿಎಲ್‌ಡಿಆರ್ ಈ ಡ್ರೈವರನ್ನು ಮೆಮೊರಿಗೆ ತಂದಿಡುತ್ತದೆ ಎಂದರ್ಥ. ಈ ಮೂರರ ಸಿಸ್ ಫೈಲುಗಳು ಡ್ರೈವರ್ಸ್ ಫೋಲ್ಡರಿನಲ್ಲಿ ಇರಬೇಕು. ಇಲ್ಲದಿದ್ದರೆ ಡ್ರೈವರ್ ಕ್ಯಾಶ್ ಒಳಗಿನ ಡ್ರೈವರ್ ಕ್ಯಾಬ್ ಕಡತದಿಂದ ಬಿಡಿಸಿ ಹಾಕಿ.

ಉಳಿದ ಎರಡು ತೊಡಕು ಚಿಕ್ಕವು. ಹಳೆಯದು ಪೆಂಟಿಯಂ 4, ಈಗಿನ ಲ್ಯಾಪ್‌ಟಾಪ್ ಎಎಂಡಿ ಆದರೆ ಇಂಟೆಲ್ ಪ್ರೊಸೆಸರಿಗೆಂದೇ ಇರುವ ಇಂಟೆಲ್‌ಪಿಪಿಎಂ ಡ್ರೈವರ್ 7ಇ ನೀಲಿ ಪರದೆ ತರಬಹುದು. ಅದರ ಸ್ಟಾರ್ಟ್ 4 ಮಾಡಿ, ಅಂದರೆ ನಿಲ್ಲಿಸಿಬಿಡಿ. ಎರಡನೆಯದು ಎಚ್‌ಎಎಲ್ (ವಿಂಡೋಸಿಗೂ ಹಾರ್ಡ್‌ವೇರಿಗೂ ನಡುವಿನ ಪದರ). ವಿಂಡೋಸ್, ರಿಪೇರ್ ಒಳಗಿನ ಸೆಟಪ್ ಲಾಗಿನಲ್ಲಿ ಎಚ್‌ಎಎಲ್ ಸಾಲು ನೋಡಿ. ಹಾಲ್-ಎಸಿಪಿಐ ಇದ್ದರೆ ಸುಮ್ಮನಿರಿ. ನಡುವೆ ಇನ್ನೊಂದು ಎ ಅಥವಾ ಎಂ ಸೇರಿದ್ದರೆ ಮೆಷಿನ್ ಸೆಟ್ಟಿಂಗಿನಲ್ಲಿ ಐಒ ಎಪಿಕ್ ಆನ್ ಮಾಡಿಯೇ ಬೂಟ್ ಮಾಡಿ.

ಡೆಸ್ಕ್‌ಟಾಪ್ ಬಂದ ಮೇಲೆ

ನೆಟ್‌ವರ್ಕ್ ಜೋಡಿಸಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಹೊಸ ಹಾರ್ಡ್‌ವೇರ್ ಕಂಡು ಅದು ಮತ್ತೆ ಆ್ಯಕ್ಟಿವೇಷನ್ ಕೇಳಬಹುದು, ಹಳೆ ಲೈಸೆನ್ಸಿನ ಕಾಗದ ಹತ್ತಿರ ಇಟ್ಟುಕೊಳ್ಳಿ. ಕೂಡಲೇ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಆ ಕಾಲದ ಕೆಲವು ಕನ್ನಡ ಡಿಟಿಪಿ ತಂತ್ರಾಂಶಗಳಿಗೆ ಹಾರ್ಡ್‌ವೇರ್ ಲಾಕ್ (ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಓಡುವಂಥ ಕೀಲಿ) ಇರುತ್ತಿತ್ತು. ಯುಎಸ್‌ಬಿ ಲಾಕ್ ಆದರೆ ವರ್ಚುವಲ್ ಮೆಷಿನ್ನಿಗೆ ದಾಟಿಸಬಹುದು, ಪ್ರಿಂಟರ್ ಪೋರ್ಟಿನದಾದರೆ ಕಷ್ಟ.

ಪುಟಗಳನ್ನು ಹೊರತರಲು ನನಗೆ ಹಿಡಿಸಿದ ದಾರಿ ಪೋಸ್ಟ್‌ಸ್ಕ್ರಿಪ್ಟ್, ಅಂದರೆ ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ. ಪೇಜ್‌ಮೇಕರಿನಿಂದ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರಿಗೆ, ಫೈಲಿಗೆ ಬರೆಯುವಂತೆ, ಪ್ರಿಂಟ್ ಕೊಡಿ. ಫಾಂಟುಗಳನ್ನು ಜೊತೆಗೇ ಸೇರಿಸಿ. ಆ ಫೈಲನ್ನು ಲಿನಕ್ಸಿಗೆ ತಂದು ಘೋಸ್ಟ್‌ಸ್ಕ್ರಿಪ್ಟಿನಲ್ಲಿ ಪಿಡಿಎಫ್ ಮಾಡಿ. ಕಣ್ಣಿಗೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗಾಗಿ ಪಠ್ಯವನ್ನು ಪೇಜ್‌ಮೇಕರಿನಿಂದಲೇ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ, ಆ ಫಾಂಟಿಗೆ ಹೊಂದುವ ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಿ.

ಚಿತ್ರಗಳ ವಿಷಯದಲ್ಲಿ ಎಚ್ಚರ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ತನ್ನೊಳಗೆ ಇಟ್ಟುಕೊಳ್ಳದೆ ಲಿಂಕ್ ಮಾತ್ರ ಇಟ್ಟುಕೊಂಡಿರಬಹುದು. ನಮ್ಮ ಇಮೇಜ್ ಸಿ ಡ್ರೈವಿನದು. ಚಿತ್ರಗಳು ಡಿ ಡ್ರೈವಿನಲ್ಲಿ ಇದ್ದಿದ್ದರೆ ಪರದೆಯಲ್ಲಿ ಕಾಣುವುದು ಬರೀ ಮುನ್ನೋಟ, ಅಚ್ಚಿನಲ್ಲಿ ಅದು ಒಡೆದು ಬರುತ್ತದೆ. ಪ್ರಿಂಟ್ ಕೊಡುವ ಮೊದಲು ಪ್ರತಿ ಸಂಚಿಕೆಯಲ್ಲೂ ಲಿಂಕ್ಸ್ ಮ್ಯಾನೇಜರ್ ತೆರೆದು, ಪ್ರಶ್ನಾರ್ಥಕ ಚಿಹ್ನೆ ಇರುವ ಫೈಲುಗಳ ಹೆಸರನ್ನೆಲ್ಲ ಬೇರೆ ಪಟ್ಟಿ ಮಾಡಿಕೊಳ್ಳಿ.