ಮಾಲ್ ಬೇಡ ಎನ್ನುವ ಮುನ್ನ ನಕ್ಷೆಯ ಬಣ್ಣ ನೋಡಿ

ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತು ಮತ್ತು ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗಳ ನಡುವೆ ಅದು ಸಣ್ಣ ಅಕ್ಷರದಲ್ಲಿ ಬಂದಿರುತ್ತದೆ. ಇಂಥ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರಿನ 5 ಎಕರೆ ಜಮೀನನ್ನು ಕೃಷಿ ವಲಯದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಇಷ್ಟು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಮಾಲ್ ಎಂಬ ಪದ ಅದರಲ್ಲಿ ಇರುವುದಿಲ್ಲ. ಪಕ್ಕದ ಬಡಾವಣೆಯ ಹೆಸರೂ ಇರುವುದಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೊಂದು ದಿನ ಜಾಗದ ಸುತ್ತ ತಗಡಿನ ಬೇಲಿ ಎದ್ದು ಜೆಸಿಬಿ ಇಳಿದಾಗ ನಿವಾಸಿಗಳ ಸಂಘದವರು ಫೈಲು ಹಿಡಿದು ನಗರ ಯೋಜಕರನ್ನೋ ವಕೀಲರನ್ನೋ ಹುಡುಕಿಕೊಂಡು ಬರುತ್ತಾರೆ. ಫೈಲಿನಲ್ಲಿ ನಾನೂರು ಸಹಿ, ಶಾಸಕರಿಗೆ ಕೊಟ್ಟ ಮನವಿ, ಪ್ರತಿಭಟನೆಯ ಫೋಟೊ ಎಲ್ಲ ಇರುತ್ತವೆ. ಇರಬೇಕಾದ ಒಂದೇ ಒಂದು ಹಾಳೆ, ಅಂದರೆ ಗಡುವಿನೊಳಗೆ ಸಲ್ಲಿಸಿದ ಆಕ್ಷೇಪಣೆಯ ಪ್ರತಿ, ಮಾತ್ರ ಇರುವುದಿಲ್ಲ.

ಆ ಹಾಳೆಯ ಬೆಲೆ ತಿಳಿಯಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಂ ಓದಬೇಕು. ಯಾವ ಜಾಗ ಯಾವ ಉಪಯೋಗಕ್ಕೆ ಎಂದು ಬಣ್ಣ ಹಚ್ಚಿ ಗುರುತಿಸುವ ಮಾಸ್ಟರ್ ಪ್ಲಾನ್ ಜಾರಿಗೆ ಬಂದ ಮೇಲೆ ಒಂದು ಜಮೀನಿನ ಉಪಯೋಗವನ್ನು ಬದಲಾಯಿಸಲು ಯೋಜನಾ ಪ್ರಾಧಿಕಾರಕ್ಕೆ ಅಧಿಕಾರವಿದೆ, ಆದರೆ ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು. ಜೊತೆಗೆ ಮೂರು ಷರತ್ತು: ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಈ ಕಾಯ್ದೆಗಾಗಲಿ ಭೂಮಿಯ ಬಳಕೆಗೆ ಸಂಬಂಧಿಸಿದ ಬೇರೆ ಕಾನೂನಿಗಾಗಲಿ ವಿರುದ್ಧವಾಗಿರಬಾರದು, ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಮಾಲ್ ಕಟ್ಟುವ ದೀರ್ಘ ದಾರಿಯಲ್ಲಿ ಕಾನೂನು ನಿಮ್ಮ ಅಭಿಪ್ರಾಯ ಕೇಳುವುದು ಬಹುಮಟ್ಟಿಗೆ ಇಲ್ಲೊಂದೇ ಕಡೆ. ಕಟ್ಟಡದ ನಕ್ಷೆ ಮಂಜೂರಾತಿಗೆ ಅಕ್ಕಪಕ್ಕದವರನ್ನು ಕೇಳುವುದಿಲ್ಲ. 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು ನಿಜ, ಆದರೆ ಕಟ್ಟಡ ಯೋಜನೆಗಳಿಗೆ ಆ ಅಧಿಸೂಚನೆಯಲ್ಲೇ ಸಾರ್ವಜನಿಕ ಆಲಿಕೆಯಿಂದ ವಿನಾಯಿತಿ ಇದೆ. "ಪಬ್ಲಿಕ್ ಹಿಯರಿಂಗ್ ಇಟ್ಟಾಗ ಎಲ್ಲರೂ ಹೋಗೋಣ" ಎಂದು ಕಾದು ಕೂತ ಬಡಾವಣೆಗಳಿವೆ. ಆ ಹಿಯರಿಂಗ್ ಬರುವುದೇ ಇಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನು ಬೇಗ ತೀರಿಸಿಬಿಡುತ್ತೇನೆ. ಡಿಸಿ ಕನ್ವರ್ಷನ್ ಬೇರೆ, ಭೂ ಉಪಯೋಗ ಬದಲಾವಣೆ ಬೇರೆ. ಕನ್ವರ್ಷನ್ ಎಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸುವುದು, ಅದು ಜಿಲ್ಲಾಧಿಕಾರಿಯ ಕೆಲಸ. ಭೂ ಉಪಯೋಗ ಬದಲಾವಣೆ ಎಂದರೆ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಹಚ್ಚಿದ ಬಣ್ಣವನ್ನು ಬದಲಾಯಿಸುವುದು, ಅದು ಪ್ರಾಧಿಕಾರ ಮತ್ತು ನಗರಾಭಿವೃದ್ಧಿ ಇಲಾಖೆಯ ಕೆಲಸ. ನಕ್ಷೆಯ ವಲಯಕ್ಕೆ ಹೊಂದುವ ಪರಿವರ್ತನೆಯನ್ನು ಬೇಗ ಕೊಡುವಂತೆ 95ನೇ ಕಲಂ ಈಚಿನ ವರ್ಷಗಳಲ್ಲಿ ತಿದ್ದುಪಡಿಯಾಗಿದೆ. ಅಂದರೆ ಬಣ್ಣ ಬದಲಾದ ಮೇಲೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತು ಪ್ರಯೋಜನ ಕಡಿಮೆ.

ಇನ್ನು, ಹೇಳಿ ಹೇಳಿ ಸಾಕಾದರೂ ಮತ್ತೆ ಹೇಳಲೇಬೇಕಾದ ಮಾತು. ಪ್ರಾಧಿಕಾರ ಈ ಹಂತದಲ್ಲಿ ತೀರ್ಮಾನಿಸುವುದು ಮಾಲಿನ ಬಗ್ಗೆ ಅಲ್ಲವೇ ಅಲ್ಲ. ಅದರ ಮುಂದಿರುವ ಪ್ರಶ್ನೆ ಒಂದೇ: ಈ ಸರ್ವೆ ನಂಬರು ಇನ್ನು ಮುಂದೆ ವಾಣಿಜ್ಯ ವಲಯವಾಗಬೇಕೇ, ಬೇಡವೇ? ಆದೇಶದಲ್ಲಿ ನಿರ್ದಿಷ್ಟ ಉದ್ದೇಶ ಬರೆಯದಿದ್ದರೆ, ವಲಯ ನಿಯಮಾವಳಿ ವಾಣಿಜ್ಯಕ್ಕೆ ಏನೇನು ಒಪ್ಪುತ್ತದೋ ಅದೆಲ್ಲವೂ ಅಲ್ಲಿ ಬರಬಹುದು. ಅಂಗಡಿ ಸಾಲು, ಹೋಟೆಲು, ಕಚೇರಿ, ಕಲ್ಯಾಣ ಮಂಟಪ, ಯಾವುದೂ ಆದೀತು. ಬಣ್ಣ ಜಮೀನಿಗೆ ಅಂಟಿಕೊಳ್ಳುತ್ತದೆ, ಅರ್ಜಿ ಹಾಕಿದವರಿಗಲ್ಲ. ಅವರು ನಾಳೆ ಮಾರಿ ಹೋಗಬಹುದು, ಕೊಂಡವರು ಬೇರೆಯದೇ ಕಟ್ಟಬಹುದು.

ಇಷ್ಟು ತಿಳಿದವರಿಗೆ ಬಿಲ್ಡರ್ ಕರೆಯುವ ಸಭೆ ಬೇರೆಯಾಗಿಯೇ ಕಾಣುತ್ತದೆ. ಸಭೆಯಲ್ಲಿ ಬಣ್ಣದ ಚಿತ್ರ ತೋರಿಸುತ್ತಾರೆ: ಎರಡೇ ಮಹಡಿ, ಒಳ್ಳೆಯ ಕಂಪನಿಯ ತರಕಾರಿ ಅಂಗಡಿ, ಮುಂದೆ ಮಕ್ಕಳಿಗೆ ಆಟದ ಜಾಗ, ಹಿಂದೆ ಸಾಲುಮರ. ಸಂಘದವರು ಎರಡು ತಿಂಗಳು ಚೌಕಾಶಿ ಮಾಡಿ ಮರ ಹೆಚ್ಚಿಸಿಕೊಂಡು, ನೂರು ರೂಪಾಯಿಯ ಸ್ಟ್ಯಾಂಪ್ ಪೇಪರಿನ ಮೇಲೆ ಮುಚ್ಚಳಿಕೆ ಬರೆಸಿಕೊಂಡು, ಆಕ್ಷೇಪಣೆ ಹಾಕದೆ ಸುಮ್ಮನಾಗುತ್ತಾರೆ. ಆ ಮುಚ್ಚಳಿಕೆಗೆ ಪ್ರಾಧಿಕಾರ ಸಹಿ ಹಾಕಿಲ್ಲ. ಜಮೀನು ಕೊಳ್ಳುವ ಮುಂದಿನವರು ಅದನ್ನು ನೋಡಿಯೂ ಇರುವುದಿಲ್ಲ. ತೋರಿಸಿದ ಚಿತ್ರ 14-ಎ ಕಡತದಲ್ಲಿ ಸೇರಿರಲೇಬೇಕೆಂಬ ನಿಯಮವೂ ಇಲ್ಲ. ಸಜ್ಜನರು ನಂಬಿಕೆಯಿಂದ ಮಾಡಿಕೊಂಡ ಇಂಥ ಒಪ್ಪಂದಗಳು ಗಾಳಿಗೆ ಹೋಗುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ನಿಮಗೆ ಬೇಕಾದದ್ದು ನಿಜವಾಗಿ ಸಿಗಬೇಕಿದ್ದರೆ ಅದಕ್ಕೂ ದಾರಿ ಇದೆ. ಬೇಡಿಕೆಯನ್ನು ಆಕ್ಷೇಪಣಾ ಪತ್ರದಲ್ಲೇ ಪರ್ಯಾಯ ಕೋರಿಕೆಯಾಗಿ ಬರೆಯಿರಿ: "ಬದಲಾವಣೆ ತಿರಸ್ಕರಿಸಬೇಕು. ಒಪ್ಪುವುದೇ ಆದಲ್ಲಿ ಈ ಕೆಳಗಿನ ಷರತ್ತುಗಳನ್ನು ಆದೇಶದಲ್ಲಿ ಸೇರಿಸಬೇಕು." ರಸ್ತೆ ಅಗಲಿಸಲು ಬಿಡಬೇಕಾದ ಜಾಗವನ್ನು ಕಟ್ಟಡದ ಕೆಲಸ ಶುರುಮಾಡಲು ಬೇಕಾದ ಪ್ರಾರಂಭಿಕ ಪ್ರಮಾಣಪತ್ರ ಪಡೆಯುವ ಮೊದಲೇ ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು, ಸಾಮಾನು ಲಾರಿಗಳು ಬಡಾವಣೆಯ ಒಳರಸ್ತೆಯಿಂದ ಬರಕೂಡದು, ಉದ್ದೇಶ ಇಂಥದ್ದಕ್ಕೇ ಸೀಮಿತ. ಸರ್ಕಾರದ ಆದೇಶದಲ್ಲಿ ಬಂದ ಷರತ್ತು, ನೋಂದಣಿಯಾದ ಪತ್ರ, ಈ ಎರಡಕ್ಕೆ ಬಲವಿದೆ. ಉಳಿದದ್ದೆಲ್ಲ ಬಾಯಿಮಾತು.

ಹಾಗಾದರೆ ಆಕ್ಷೇಪಣೆಯಲ್ಲಿ ಏನು ಬರೆಯಬೇಕು? "ನಮ್ಮ ನೆಮ್ಮದಿ ಹಾಳಾಗುತ್ತದೆ" ಎಂದು ಬರೆದರೆ ಅಧಿಕಾರಿ ಓದಿ ಪಕ್ಕಕ್ಕಿಡುತ್ತಾರೆ. "ನಮ್ಮ ಕಿರಾಣಿ ಅಂಗಡಿಗಳಿಗೆ ಪೆಟ್ಟು ಬೀಳುತ್ತದೆ" ಎಂಬ ಸಂಕಟ ನಿಜವೇ ಇದ್ದರೂ ಪೈಪೋಟಿ ತಡೆಯುವುದು ಯೋಜನಾ ಕಾಯ್ದೆಯ ಕೆಲಸವಲ್ಲ. ಅದನ್ನೇ ಕಾಯ್ದೆಯ ಭಾಷೆಗೆ ತಿರುಗಿಸಿ. ಮಾಸ್ಟರ್ ಪ್ಲಾನ್ ನಕ್ಷೆ ಬಿಡಿಸಿ ನೋಡಿದರೆ ಒಂದೆರಡು ಕಿಲೋಮೀಟರಿನೊಳಗೆ ವಾಣಿಜ್ಯಕ್ಕೆಂದೇ ನೀಲಿ ಬಣ್ಣ ಹಚ್ಚಿದ ಜಾಗ ಖಾಲಿ ಬಿದ್ದಿದೆಯೇ? ಇದ್ದರೆ ಸರ್ವೆ ನಂಬರು ಸಹಿತ ಪಟ್ಟಿ ಕೊಡಿ, ಫೋಟೊ ಅಂಟಿಸಿ. ಇರುವ ನೀಲಿಯೇ ತುಂಬದಿರುವಾಗ ಹಸಿರನ್ನು ನೀಲಿ ಮಾಡುವುದರಲ್ಲಿ ಸಾರ್ವಜನಿಕ ಹಿತ ಯಾವುದು ಎಂಬ ಪ್ರಶ್ನೆಗೆ ಪ್ರಾಧಿಕಾರ ಉತ್ತರ ಬರೆಯಬೇಕಾಗುತ್ತದೆ.

ಆಮೇಲೆ ರಸ್ತೆ. ಟೇಪು ಹಿಡಿದು ಮೂರ್ನಾಲ್ಕು ಕಡೆ ಅಳೆಯಿರಿ. ನಕ್ಷೆಯಲ್ಲಿ 18 ಮೀಟರ್ ಎಂದು ತೋರಿಸಿದ ರಸ್ತೆ ಸ್ಥಳದಲ್ಲಿ 9 ಮೀಟರ್ ಇರುವುದು ಅಪರೂಪವೇನಲ್ಲ, ಏಕೆಂದರೆ ನಕ್ಷೆಯದು ಮುಂದೆಂದೋ ಆಗಬೇಕಾದ ಅಗಲ. ಲೆಕ್ಕ ಹೀಗೆ ಮಾಡಿ: 5 ಎಕರೆ ಎಂದರೆ ಸುಮಾರು 20,234 ಚದರ ಮೀಟರ್. ನೆಲ-ವಿಸ್ತೀರ್ಣ ಅನುಪಾತ, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ, 2 ಎಂದಿಟ್ಟುಕೊಂಡರೆ 40,000 ಚದರ ಮೀಟರ್ ಮೀರಿದ ಕಟ್ಟಡ. 50 ಚದರ ಮೀಟರಿಗೆ ಒಂದು ಕಾರು ಎಂದರೆ 800 ಕಾರಿನ ನಿಲುಗಡೆ. ಈ ಎರಡು ಅಂಕಿಗಳು ಊರಿಂದೂರಿಗೆ, ರಸ್ತೆಯ ಅಗಲಕ್ಕೆ ತಕ್ಕಂತೆ ಬದಲಾಗುತ್ತವೆ, ನಿಮ್ಮ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿರುವುದನ್ನೇ ಹಾಕಿ. ಸಂಜೆಯ ಒಂದು ಗಂಟೆಯಲ್ಲಿ ಅರ್ಧದಷ್ಟು ಕಾರು ಚಲಿಸಿದರೂ ರಸ್ತೆಗೆ ಹೊಸದಾಗಿ 400 ಸೇರಿದವು. ಈಗಿನ ವಾಹನಗಳನ್ನು ನೀವೇ ಎಣಿಸಬಹುದು: ಒಂದು ವಾರದ ದಿನ, ಒಂದು ಭಾನುವಾರ, ಸಂಜೆ 6ರಿಂದ 8, ಹದಿನೈದು ನಿಮಿಷಕ್ಕೊಂದು ಸಾಲು. ಕಾರಿಗೆ 1, ಬೈಕಿಗೆ ಅರ್ಧದಿಂದ ಮುಕ್ಕಾಲು, ಬಸ್ಸು-ಲಾರಿಗೆ 2.2ರಿಂದ 3.7 ಎಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಗರ ರಸ್ತೆ ಸಾಮರ್ಥ್ಯದ ಮಾರ್ಗಸೂಚಿ, ಅಂದರೆ ಐಆರ್‌ಸಿ 106, ಎಲ್ಲ ವಾಹನಗಳನ್ನು ಕಾರಿನ ಲೆಕ್ಕಕ್ಕೆ ತರಲು ಕೊಡುವ ಗುಣಕ. ಎರಡೂ ಕಡೆ ಓಡಾಟವಿರುವ ಎರಡು ಪಥದ ಬಡಾವಣೆ ರಸ್ತೆಗೆ ಅದೇ ಮಾರ್ಗಸೂಚಿ ಕಾರಿನ ಲೆಕ್ಕದಲ್ಲಿ ಗಂಟೆಗೆ 900ರ ಮಿತಿ ಹಾಕುತ್ತದೆ. ಈಗಲೇ 700 ಇರುವ ರಸ್ತೆಗೆ 400 ಸೇರಿದರೆ ಏನಾಗುತ್ತದೆಂದು ವಿವರಿಸಲು ನಾಲ್ಕು ಪುಟದ ಪ್ರಬಂಧ ಬೇಕಿಲ್ಲ.

ನೀರನ್ನು ಹೆಚ್ಚಿನವರು ಮರೆತೇಬಿಡುತ್ತಾರೆ, ವಾಸ್ತವವಾಗಿ ಬಲವಾದ ಕಾರಣ ಇರುವುದು ಅಲ್ಲೇ. 5 ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 10 ಲಕ್ಷ ಲೀಟರ್. ಬಯಲಾಗಿದ್ದಾಗ ಮಣ್ಣಿನ ಗುಣ ನೋಡಿಕೊಂಡು ಅದರಲ್ಲಿ ಎರಡು ಮೂರು ಲಕ್ಷ ಲೀಟರ್ ಹರಿದುಹೋಗಬಹುದು. ತಾರಸಿ, ಕಾಂಕ್ರೀಟು ಆದಮೇಲೆ ಒಂಬತ್ತು ಲಕ್ಷದ ಹತ್ತಿರ. ಗ್ರಾಮ ನಕ್ಷೆ ತೆಗೆದು ಆ ನೀರು ಯಾವ ಕಾಲುವೆ ಹಿಡಿದು ಯಾವ ಕೆರೆಗೆ ಸೇರುತ್ತದೆ, ಮಧ್ಯೆ ಯಾರ ಮನೆಗಳಿವೆ ಎಂದು ಗುರುತು ಹಾಕಿ. ಹಾಗೆಯೇ ಪಹಣಿಯ ಮೂರನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು' ಎರಡು ಬಗೆಯದಿರುತ್ತದೆ. 'ಅ' ಖರಾಬು ಬೇಸಾಯಕ್ಕೆ ಬಾರದ ಜಾಗ. 'ಬಿ' ಖರಾಬು ಸಾರ್ವಜನಿಕರದ್ದು: ಬಂಡಿದಾರಿ, ಹಳ್ಳ, ಕಾಲುವೆ, ಕೆರೆಯಂಗಳ. ಅರ್ಜಿದಾರರು 5 ಎಕರೆ ಪೂರ್ತಿ ಕೇಳಿ, ಪಹಣಿಯಲ್ಲಿ 6 ಗುಂಟೆ 'ಬಿ' ಖರಾಬು ಇದ್ದರೆ, 14-ಎ ಕಲಮಿನ ಎರಡನೇ ಷರತ್ತು ಅಲ್ಲೇ ಮುರಿಯುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಅನುಮೋದನೆಯಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015, ರಾಜಕಾಲುವೆಗೆ 50 ಮೀಟರ್, ಎರಡನೇ ಹಂತದ ಕಾಲುವೆಗೆ 25, ಮೂರನೆಯದಕ್ಕೆ 15, ಕೆರೆಗೆ 30 ಮೀಟರ್ ಅಂತರ ಇಟ್ಟಿದೆ. ಈ ಅಂತರಗಳ ಮೇಲೆ ಕೋರ್ಟುಗಳಲ್ಲಿ ಸಾಕಷ್ಟು ಜಗ್ಗಾಟ ನಡೆದಿದೆ, ಹಾಗಾಗಿ ಬರೆಯುವ ದಿನಕ್ಕೆ ಯಾವುದು ಜಾರಿಯಲ್ಲಿದೆ ಎಂದು ಖಚಿತಪಡಿಸಿಕೊಂಡೇ ಬರೆಯಿರಿ.

ಎಲ್ಲ ಬಯಲೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ನಿಮ್ಮ ಮನೆಯ ಎದುರಿನ ಖಾಲಿ ಜಾಗ ಬಡಾವಣೆಯ ನಕ್ಷೆಯಲ್ಲೇ ಉದ್ಯಾನವೆಂದು ಬಿಟ್ಟದ್ದಾಗಿದ್ದರೆ ನಿಮ್ಮ ಕೈ ಬಲು ಗಟ್ಟಿ. 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನು ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಎಂದರೆ ನಮ್ಮ ವೃತ್ತಿಯಲ್ಲಿ ತಿಳಿಯದವರಿಲ್ಲ. ಉದ್ಯಾನ ಉಳಿಸಿಕೊಳ್ಳಲು ಆ ಬಡಾವಣೆಯ ನಿವಾಸಿಗೆ ಕೋರ್ಟಿಗೆ ಹೋಗುವ ಹಕ್ಕಿದೆ ಎಂದು ಅದು ಸ್ಪಷ್ಟಮಾಡಿತು. ಸಾಮಾನ್ಯ ಜನ ಹಟ ಹಿಡಿದು ಪಡೆದ ತೀರ್ಪು ಅದು, ಇಂದಿಗೂ ಓದಿದರೆ ಗೌರವ ಮೂಡುತ್ತದೆ.

ಆದರೆ ಆ ತೀರ್ಪನ್ನು ಖಾಸಗಿ ಹೊಲಕ್ಕೆ ಹಾಗೇ ಅನ್ವಯಿಸಬೇಡಿ. ಬಡಾವಣೆಯ ಬೇಲಿಯಾಚೆಯ ರಾಗಿ ಹೊಲ ಒಬ್ಬ ರೈತರದ್ದು. ಮನೆ ಮಾರುವವರು ಬ್ರೋಷರಿನಲ್ಲಿ ಅದನ್ನು ಹಸಿರಾಗಿ ಮುದ್ರಿಸಿದ್ದರಿಂದ ನಿಮಗೆ ಹಕ್ಕು ಬರುವುದಿಲ್ಲ. ಮಳೆ ಕೈಕೊಟ್ಟು, ಕೂಲಿ ಸಿಗದೆ, ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾಗಿ ಮಾರಲು ಹೊರಟವರನ್ನು ಖಳನಾಯಕರಂತೆ ನೋಡುವುದು ತಪ್ಪು. ಅವರೊಡನೆ ಮೊದಲು ಮಾತಾಡಿ. ಪೂರ್ತಿ ಐದು ಎಕರೆ ಅಲ್ಲದೆ ರಸ್ತೆಬದಿಯ ಒಂದು ಭಾಗಕ್ಕಷ್ಟೇ ಬದಲಾವಣೆ ಕೇಳಲು ಅವರು ಒಪ್ಪುವ ಸಾಧ್ಯತೆ ಇರುತ್ತದೆ. ಇನ್ನು ಮಾಸ್ಟರ್ ಪ್ಲಾನಿನಲ್ಲಿ ಉದ್ಯಾನವೆಂದು ಗುರುತಾದ ಖಾಸಗಿ ಜಾಗ ಮೂರನೇ ಬಗೆ. ಯೋಜನಾ ಕಾಯ್ದೆಯ 69ನೇ ಕಲಂ ಪ್ರಕಾರ ಐದು ವರ್ಷದೊಳಗೆ ಪ್ರಾಧಿಕಾರ ಅದನ್ನು ಕೊಳ್ಳದಿದ್ದರೆ, ಸ್ವಾಧೀನ ಪ್ರಕ್ರಿಯೆಯನ್ನೂ ಶುರುಮಾಡದಿದ್ದರೆ ಆ ಗುರುತು ರದ್ದಾಗುತ್ತದೆ. ಅಲ್ಲಿ ಕೆಲಸ ಮಾಡುವುದು ಐದು ವರ್ಷ ತುಂಬುವ ಮೊದಲು ಸ್ವಾಧೀನಕ್ಕೆ ಒತ್ತಾಯಿಸುವ ಪತ್ರ. ಮತ್ತೊಂದು ಎಚ್ಚರಿಕೆ: ನಕ್ಷೆಯಲ್ಲಿ ನೇರಳೆ ಬಣ್ಣದ ಕೈಗಾರಿಕಾ ವಲಯವಿದ್ದರೆ ಅದನ್ನು ವಾಣಿಜ್ಯಕ್ಕೆ ತಿರುಗಿಸಲು 14-ಎ ಕಲಮಿನ ಮೂರನೇ ಉಪಕಲಂ ಸಾಕು. ಶುಲ್ಕ ಕಟ್ಟಿ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಅಂಥ ಜಾಗದ ಬಗ್ಗೆ ದನಿ ಎತ್ತಬೇಕಾದದ್ದು ಮಾಸ್ಟರ್ ಪ್ಲಾನ್ ಪರಿಷ್ಕರಣೆಯಾಗುವಾಗ, 13ನೇ ಕಲಂ ಜನರ ಅಭಿಪ್ರಾಯಕ್ಕೆ ಕೊಡುವ 60 ದಿನಗಳಲ್ಲಿ.

ಸಲ್ಲಿಸುವ ಕ್ರಮ ಸರಳ. ಪ್ರಕಟಣೆಯಲ್ಲಿ ಕೊಟ್ಟ ಅವಧಿ ಸಾಮಾನ್ಯವಾಗಿ ಹದಿನೈದು ದಿನದ ಆಸುಪಾಸು. ಮಾಹಿತಿ ಹಕ್ಕಿನಡಿ ಉತ್ತರಕ್ಕೆ ಮೂವತ್ತು ದಿನ ಅವಕಾಶವಿರುವುದರಿಂದ ಆ ದಾಖಲೆ ಬರಲೆಂದು ಕಾಯಬೇಡಿ. ಕೈಲಿರುವುದನ್ನು ಹಾಕಿ, ಕಡತದ ಪ್ರತಿ ಸಿಕ್ಕ ಮೇಲೆ ಹೆಚ್ಚುವರಿ ಆಕ್ಷೇಪಣೆಗೆ ಅವಕಾಶ ಕೊಡಿ, ಖುದ್ದಾಗಿ ಅಹವಾಲು ಕೇಳಿ ಎಂದು ಕೊನೆಯಲ್ಲಿ ಬರೆಯಿರಿ. ಪ್ರಕಟಣೆಯ ದಿನಾಂಕ, ಸಂಖ್ಯೆ, ಸರ್ವೆ ನಂಬರು ಮೊದಲ ಸಾಲಿನಲ್ಲೇ ಇರಲಿ. ಇಲ್ಲದಿದ್ದರೆ ನಿಮ್ಮ ಪತ್ರ ಯಾವ ಕಡತಕ್ಕೆ ಸೇರಬೇಕೆಂದು ಗುಮಾಸ್ತರಿಗೂ ತಿಳಿಯುವುದಿಲ್ಲ. ಒಂದೇ ಪಠ್ಯಕ್ಕೆ ನಾನೂರು ಸಹಿ ಹಾಕಿಸಿದರೆ ಒಂದೇ ಆಕ್ಷೇಪಣೆಯಾಗಿ ಎಣಿಕೆಯಾಗುವ ಸಂಭವ ಹೆಚ್ಚು. ರಸ್ತೆ ಅಳೆದವರು ರಸ್ತೆಯ ಬಗ್ಗೆ, ಕಾಲುವೆ ನೋಡಿದವರು ಕಾಲುವೆಯ ಬಗ್ಗೆ ಒಂದೊಂದು ಪುಟ ಬರೆದು ಬೇರೆ ಬೇರೆಯಾಗಿ ಕೊಡುವುದು ಮೇಲು. ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ನಾಳೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಆ ಪ್ರತಿಯನ್ನೇ. ಆಕ್ಷೇಪಣೆಯನ್ನು ಪರಿಗಣಿಸದೆ ನಿರ್ಣಯ ಮಾಡಿದರು ಎಂದು ತೋರಿಸಲು ಅದೇ ಆಧಾರ.

ಆಮೇಲೆ ಪ್ರಾಧಿಕಾರದ ಸಭೆಯ ನಡಾವಳಿ ಕೇಳಿ ಪಡೆಯಿರಿ. ಅರ್ಜಿದಾರರಿಗೆ ಅನುಕೂಲವಾಗಿ ನಿರ್ಣಯವಾಗಿದ್ದರೆ ಕಡತ ಸರ್ಕಾರಕ್ಕೆ ಹೋಗುತ್ತದೆ. ಮೊಹರು ಬಿದ್ದ ಆಕ್ಷೇಪಣೆಯ ನಕಲನ್ನು ನಗರಾಭಿವೃದ್ಧಿ ಇಲಾಖೆಗೂ ಕಳುಹಿಸಿ. ಅರ್ಜಿ ತಿರಸ್ಕೃತವಾದರೂ ಪತ್ರಿಕೆ ನೋಡುವುದನ್ನು ಬಿಡಬೇಡಿ. ಅದೇ ಜಮೀನಿಗೆ ವಿಸ್ತೀರ್ಣ ಕಡಿಮೆ ಮಾಡಿ ಅಥವಾ ಬೇರೆ ಹೆಸರಿನಲ್ಲಿ ಮತ್ತೆ ಅರ್ಜಿ ಬರಬಹುದು, ಹಳೆಯ ಆಕ್ಷೇಪಣೆ ಹೊಸ ಕಡತಕ್ಕೆ ತಾನಾಗಿ ಸೇರಿಕೊಳ್ಳುವುದಿಲ್ಲ.