ಹಗ್ಗ ಕೈಯಲ್ಲೇ ಇತ್ತು

ಮುಳುಗುವವರನ್ನು ಕಾಪಾಡುವುದನ್ನು ಪಾತ್ರ ಹಾಕಿ ಕಲಿಯುವ ಕಳೆದ ತಿಂಗಳ ಅಭ್ಯಾಸದಲ್ಲಿ ಹದಿನೇಳರ ಹುಡುಗನೊಬ್ಬ ಹಗ್ಗ ಹಿಡಿದುಕೊಂಡೇ ನೀರಿಗೆ ಹಾರಿಬಿಟ್ಟ. ತಂಡದಲ್ಲೇ ಚುರುಕು ಹುಡುಗ ಅವನು. 'ಮೊದಲು ಕೋಲು ಚಾಚು, ಎಟುಕದಿದ್ದರೆ ಹಗ್ಗ ಎಸಿ, ನೀರಿಗಿಳಿಯೋದು ಕೊನೆಗೆ' ಅಂತ ಹಿಂದಿನ ದಿನವಷ್ಟೇ ಚಿಕ್ಕವರಿಗೆ ಹೇಳಿಕೊಟ್ಟಿದ್ದ. ಆದರೆ ತಾಯಿಯ ಪಾತ್ರ ಮಾಡುತ್ತಿದ್ದ ಅಕ್ಕ ಅವನ ಅಂಗಿ ಹಿಡಿದು, 'ಅಯ್ಯೋ ನನ್ ಮಗ, ಯಾರಾದ್ರೂ ಇಳೀರಪ್ಪೋ' ಅಂತ ಕಿರುಚಿದರು. ಕಲಿತದ್ದೆಲ್ಲ ಮರೆತುಹೋಯಿತು.

ಮಂಡ್ಯ ಸುತ್ತಲಿನ ಹೈಕಳಿಗೆ ನಾನು ನೀರಿನ ರಕ್ಷಣೆ ಕಲಿಸುತ್ತೇನೆ. ಆಸ್ಟ್ರೇಲಿಯಾದ ಕಡಲತೀರಗಳಲ್ಲಿ 15 ವರ್ಷ ತುಂಬಿದವರು 'ಬ್ರಾಂಜ್ ಮೆಡಾಲಿಯನ್' ತರಬೇತಿ ಪಡೆದು ಸ್ವಯಂಸೇವಕ ರಕ್ಷಕರಾಗುತ್ತಾರೆ. ಅವರಿಗೆ ಅಲೆ, ನಮಗೆ ನಾಲೆ. ಇಳಿಜಾರು ಕಾಂಕ್ರೀಟ್ ದಡ, ಮೇಲೆ ಪಾಚಿ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅಂಥ ಹೊತ್ತಲ್ಲಿ ಮೊದಲು ಓಡಿಬರುವವರು ಸುತ್ತಲಿನ ಊರಿನವರೇ ಅಲ್ವಾ? ಅದಕ್ಕೇ ಊರಿನ ಹುಡುಗರಿಗೇ ಕಲಿಸಬೇಕು. ಗಲಾಟೆಯ ನಡುವೆಯೇ ಕಲಿಸಬೇಕು.

ನಮ್ಮ ಅಭ್ಯಾಸ ಈಜುಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ. ಮುಳುಗುವ ಪಾತ್ರದವನಿಗೆ ಕೂಗಬೇಡ ಎನ್ನುತ್ತೇನೆ. ನಿಜವಾಗಿ ಮುಳುಗುತ್ತಿರುವವರು ಬಹಳ ಸಲ ಕೂಗುವುದೇ ಇಲ್ಲ. ಉಸಿರಿಗೇ ಪರದಾಡುವಾಗ ಕೂಗುವುದೆಲ್ಲಿ? ತಲೆ ಹಿಂದಕ್ಕೆ ವಾಲಿರುತ್ತದೆ, ಕೈ ನೀರನ್ನು ಒತ್ತುತ್ತಿರುತ್ತದೆ. ದಡದಲ್ಲಿದ್ದವರು ಆಟವಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಅವನು ಹೆಗಲ ಮೇಲೇ ಹತ್ತುತ್ತಾನೆ. ತಮ್ಮನಿಗಾಗಿ ಅಣ್ಣ ಇಳಿದು, ಇಬ್ಬರೂ ಹೋಗುವುದು ಹೀಗೆ. ಎಸೆಯಲು ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಸಾಕು. ಹಗ್ಗವಿಲ್ಲದಿದ್ದರೆ ಸೀರೆಯಾದರೂ ಆಗುತ್ತದೆ, ಐದು ಮೀಟರಿಗೂ ಜಾಸ್ತಿ ಉದ್ದ. ಆದರೆ ದಡದಲ್ಲಿ ಮಲಗಿಕೊಂಡು ಎಸೆಯಬೇಕು, ಇಲ್ಲದಿದ್ದರೆ ಅವನೇ ಎಳೆದುಬಿಡುತ್ತಾನೆ.

ಮೇಲೆತ್ತಿದ ಮೇಲೆ ಇನ್ನೊಂದು ಪರೀಕ್ಷೆ. ಪಾತ್ರಧಾರಿಯೊಬ್ಬ 'ಹೊಟ್ಟೆ ಒತ್ತಿ, ತಲೆಕೆಳಗೆ ಮಾಡಿ ತಿರುಗಿಸಿ' ಎಂದು ಅಡ್ಡ ಬರುತ್ತಾನೆ. ದೊಡ್ಡವರಿಗೆ ಎದುರಾಡಲು ನಮ್ಮ ಹುಡುಗರಿಗೆ ನಾಲಿಗೆ ಏಳುವುದಿಲ್ಲ. ಆದರೆ ಇಲ್ಲಿ ಏಳಲೇಬೇಕು. ಹೊಟ್ಟೆ ಒತ್ತಿದರೆ ವಾಂತಿ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವ ಉಸಿರನ್ನು ಉಸಿರಾಟ ಅಂದುಕೊಂಡು ನಿಲ್ಲಿಸಬಾರದು. ಒತ್ತುವುದನ್ನು ಬೊಂಬೆಯ ಮೇಲೆ ಮಾತ್ರ ಕಲಿಸುತ್ತೇನೆ.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅಕ್ಕಪಕ್ಕದವರಿಗೆ ತಿಳಿಸದೆ ಅಭ್ಯಾಸ ಇಟ್ಟಿದ್ದೆ. ದಾರಿಹೋಕರೊಬ್ಬರು ನಿಜವೆಂದುಕೊಂಡು ಓಡಿಬಂದು ನೀರಿಗೆ ಹಾರಿದರು. ಅವರಿಗೆ ಈಜು ಬರುತ್ತಿರಲಿಲ್ಲ. ಪುಣ್ಯಕ್ಕೆ ನೀರು ಎದೆಮಟ್ಟವೇ ಇತ್ತು. ಈಗ ಎಲ್ಲರಿಗೂ ಮೊದಲೇ ಹೇಳುತ್ತೇವೆ. ಯಾರಾದರೂ 'ನಿಜ ನಿಜ' ಎಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಕಾಯಲು ಇಬ್ಬರು ಈಜುಗಾರರು ಯಾವ ಪಾತ್ರಕ್ಕೂ ಸೇರದೆ ನಿಂತಿರುತ್ತಾರೆ.

ಆ ಹುಡುಗ ಅವತ್ತು ಅಳುತ್ತಾ ಕೂತ. ನಾನು ಬೈಯಲಿಲ್ಲ, ಅಂಗಿ ಹಿಡಿದಾಗ ಏನನ್ನಿಸಿತು ಅಂತ ಕೇಳಿದೆ. 'ಸುಮ್ನೆ ನಿಂತ್ರೆ ಎಲ್ರೂ ಹೇಡಿ ಅಂತಾರೆ ಅನ್ನಿಸ್ತು ಸರ್' ಎಂದ. ಮುಂದಿನ ವಾರ ಅದೇ ಅಕ್ಕ, ಅದೇ ಕಿರುಚಾಟ. ಅವನು ಮಲಗಿಕೊಂಡು ಹಗ್ಗ ಎಸೆದ, ತಪ್ಪಿತು. ಎಳೆದುಕೊಂಡು ಮತ್ತೆ ಎಸೆಯುತ್ತಲೇ ಹೇಳಿದ: 'ಅಕ್ಕ, ನೀವು 112ಕ್ಕೆ ಫೋನ್ ಮಾಡಿ.' ಅವರು ಅಂಗಿ ಬಿಟ್ಟು ಫೋನ್ ಹುಡುಕಿದರು.